ಕಪ್ಪು ಪಟ್ಟಿಯ ಕೆಳಗಿನ ಸಾಲು

"ನಾನು ಹೇಳಲ್ಲ," ಎಂದಳು ಒಡೆಸಾ ಪ್ರೂಯಿಟ್. ಬೆಳಗ್ಗಿನಿಂದ ಇದು ನಾಲ್ಕನೇ ಸಲ.

ಪೊಲೀಸ್ ಡೆಪ್ಯುಟಿ ಆರ್ಲೊ ಬೀಸ್ಲಿ ಪೆನ್ಸಿಲನ್ನು ಮೇಜಿನ ಮೇಲೆ ಕುಕ್ಕಿದ. ಕುಕ್ಕಿದ್ದು ಜೋರಾಯಿತೆನ್ನಿಸಿ, ಅದನ್ನೆತ್ತಿ ನೋಟ್‌ಬುಕ್ಕಿನ ಪಕ್ಕದಲ್ಲಿ ಮೆಲ್ಲಗೆ ಮಲಗಿಸಿದ. ಎಪ್ಪತ್ತಾರು ವರ್ಷದ ಹೆಂಗಸಿನ ಎದುರು ಪೆನ್ಸಿಲ್ ಕುಕ್ಕುವುದನ್ನು ಅವನ ತಾಯಿ ಕಲಿಸಿರಲಿಲ್ಲ.

"ಮಿಸ್ ಒಡೆಸಾ, ನಾನು ಬಂದಿರೋದು ನಿಮ್ಮನ್ನ ಉಳಿಸೋಕೆ. ನೀವು ನೋಡಿದ್ರೆ ನನ್ನ ಕೈಯನ್ನೇ ಕಟ್ಟಿ ಹಾಕ್ತಿದ್ದೀರಿ."

"ಕಟ್ಟಿದವಳು ನಾನಲ್ಲಪ್ಪಾ. ದೊಡ್ಡಮ್ಮಾವ್ರಿಗೆ ಮಾತು ಕೊಟ್ಟಿದ್ದೀನಿ."

"ಅವರು ಸತ್ತು ಇಪ್ಪತ್ತೇಳು ವರ್ಷ ಆಯ್ತು."

"ಮಾತು ಸತ್ತಿಲ್ಲವಲ್ಲ."

ಆರ್ಲೊ ಕಿಟಕಿಯಾಚೆ ನೋಡಿದ. ಫೆಬ್ರವರಿಯ ಹಿಮ ಅಂಗಳದ ಪರ್ಸಿಮನ್ ಹಣ್ಣಿನ ಮರದ ಬುಡದಲ್ಲಿ ಕೊಳಕು ಹತ್ತಿಯ ಹಾಗೆ ಗುಡ್ಡೆಯಾಗಿತ್ತು. ಮರದಾಚೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಬ್ಯಾಲಂಟೈನ್ ಹುಟ್ಟಿದ ಮನೆ, ಈಗ ಊರಿನ ವಸ್ತುಸಂಗ್ರಹಾಲಯ. ಗುರುವಾರ ಅಲ್ಲಿನ ಗಾಜಿನ ಪೆಟ್ಟಿಗೆಯಿಂದ ಊರವರು ದೊಡ್ಡಮ್ಮ ಎನ್ನುತ್ತಿದ್ದ ಅಧ್ಯಕ್ಷರ ತಾಯಿಯ ಕೈಬರಹದ ಅಡುಗೆ ಕಾರ್ಡು ಮಾಯವಾಗಿ, ಅದರ ಜಾಗದಲ್ಲಿ ಖೋಟಾ ಕಾರ್ಡೊಂದು ಬಂದು ಕುಳಿತಿತ್ತು. ಪೆಟ್ಟಿಗೆಗೆ ಇರುವುದು ಎರಡೇ ಕೀಲಿ. ಅದರಲ್ಲಿ ಒಂದು ಒಡೆಸಾಳ ಏಪ್ರನ್ನಿನ ಜೇಬಿನಲ್ಲಿತ್ತು.

ಇವತ್ತು ಸೋಮವಾರ, ದೇಶದ ಅಧ್ಯಕ್ಷರನ್ನೆಲ್ಲ ನೆನೆಯುವ ಅಧ್ಯಕ್ಷರ ದಿನ. ಸಂಜೆಯ ಚರ್ಚಿನ ಊಟ ಮುಗಿಯುವುದರೊಳಗೆ ಅಸಲಿ ಕಾರ್ಡು ಸಿಗದಿದ್ದರೆ ಶೆರಿಫ್ ಒಡೆಸಾಳ ಮೇಲೆ ಕಳವಿನ ದೂರು ದಾಖಲಿಸುತ್ತಾನೆ. ದಾಖಲಾದ ಕ್ಷಣದಿಂದ ಈ ಹಿತ್ತಲ ಮನೆ ಅವಳದಲ್ಲ. 'ನಡತೆ ನೆಟ್ಟಗಿರುವ ತನಕ ಒಡೆಸಾ ಇಲ್ಲಿ ಇರತಕ್ಕದ್ದು' ಎಂದು ದೊಡ್ಡಮ್ಮ ಉಯಿಲಿನಲ್ಲಿ ಬರೆದಿದ್ದಳು. ಮೂವತ್ತು ವರ್ಷ ಆ ಮನೆಯ ಒಲೆಯ ಮುಂದೆ ನಿಂತವಳಿಗೆ ಕೊಟ್ಟದ್ದು ಎರಡು ಕೋಣೆ ಮತ್ತು ಆ ಒಂದು ಸಾಲು. ಮಾರ್ಲೋ ಕ್ರೀಕ್ ಎಂಬ ಆ ಊರಿನಲ್ಲಿ ಉಳಿದಿದ್ದ ಮೂರೇ ಕಪ್ಪು ಜನರ ಕುಟುಂಬಗಳಲ್ಲಿ ಒಡೆಸಾಳದು ಒಂದು. ಆ ಕುಟುಂಬದಲ್ಲಿ ಈಗ ಊರಿನಲ್ಲಿ ಉಳಿದಿದ್ದವಳೂ ಅವಳೊಬ್ಬಳೇ.

ಆರ್ಲೊ ಮತ್ತೆ ಖೋಟಾ ಕಾರ್ಡನ್ನು ಕೈಗೆತ್ತಿಕೊಂಡ.

ಮಗ ಶ್ವೇತಭವನಕ್ಕೆ ಹೋದಾಗ, ಅವನ ಅಚ್ಚುಮೆಚ್ಚಿನ ಪರ್ಸಿಮನ್ ಪುಡಿಂಗನ್ನು ಅಲ್ಲಿನ ಅಡುಗೆಯವರು ಕೆಡಿಸಬಾರದೆಂದು ತಾಯಿ ಬರೆದು ಕಳಿಸಿದ್ದು ಅಸಲಿ ಕಾರ್ಡು. ಅಧ್ಯಕ್ಷರು ರಾಜದೂತರನ್ನು ಹೊರಗೆ ಕೂರಿಸಿ ಒಳಗೆ ಈ ಪುಡಿಂಗ್ ತಿನ್ನುತ್ತಿದ್ದರಂತೆ. ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆಗಳಲ್ಲಿ ಇದು ಅತ್ಯಂತ ಹಳೆಯದು. ಕಾರ್ಡು ವಾಪಸು ಊರಿಗೆ ಬಂದಾಗ ದೊಡ್ಡಮ್ಮ ಒಂದು ಷರತ್ತು ಹಾಕಿದಳು: ಕೊನೆಯ ಸಾಲಿನ ಮೇಲೆ ಕಪ್ಪು ಕಾಗದದ ಪಟ್ಟಿ ಅಂಟಿಸಿಯೇ ಅದನ್ನು ಪ್ರದರ್ಶನಕ್ಕೆ ಇಡಬೇಕು. ಸತ್ತ ಮೇಲೂ ಈ ಊರಿನ ಹೆಂಗಸರು ತನ್ನ ಪುಡಿಂಗ್ ಮಾಡಕೂಡದು.

ಆ ಪಟ್ಟಿಯನ್ನು ಅಂಟಿಸಿದವಳು ಒಡೆಸಾ, ಮೈದಾಹಿಟ್ಟಿನ ಗಂಜಿಯಿಂದ. ಗುರುವಾರ ಗಾಜು ಒರೆಸುವಾಗ ಪಟ್ಟಿಯ ಅಂಚಿನಲ್ಲಿ ಅಂಗಡಿಯ ಬಿಳಿ ಅಂಟು ಮಿನುಗಿದ್ದನ್ನು ಕಂಡವಳೂ ಅವಳೇ. ನೇರ ಹೋಗಿ ಟ್ರಸ್ಟಿನ ಮುಖ್ಯಸ್ಥೆಗೆ, 'ಕಾರ್ಡು ಬದಲಾಗಿದೆ' ಎಂದಳು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಷರ ಅಷ್ಟು ಸೊಗಸಾಗಿ ಹೊಂದಿತ್ತು.

ಆರ್ಲೊ ಈ ಖೋಟಾ ಕಾರ್ಡಿನ ಪಟ್ಟಿಯನ್ನು ಬಿಚ್ಚಿ ನೋಡಿದ್ದ. ಕೆಳಗೆ 'ಒಂದು ಚಿಟಿಕೆ ಉಪ್ಪು, ಒಂದು ಚಮಚ ದಾಲ್ಚಿನ್ನಿ' ಎಂದಿತ್ತು. ಚರ್ಚಿನ ಹೆಂಗಸರು ಹಿಂದೊಮ್ಮೆ ಅಚ್ಚು ಹಾಕಿಸಿದ್ದ ಅಡುಗೆ ಪುಸ್ತಕದಲ್ಲಿ ಇದೇ ಪುಡಿಂಗ್ ದೊಡ್ಡಮ್ಮನ ಹೆಸರಿನಲ್ಲಿತ್ತು. ಅಲ್ಲಿಯೂ ಕೊನೆಯ ಸಾಲು ಹಾಗೆಯೇ.

"ಪುಸ್ತಕದಲ್ಲಿ ಒಂದು ಸಾಮಾನು ನುಂಗಿದ್ದಾರೆ. ಅಲ್ವಾ?" ಎಂದು ಕೇಳಿದ.

"ಪುಸ್ತಕದಲ್ಲಿ ಯಾರು ನುಂಗಿಲ್ಲ ಹೇಳು. ನಿಮ್ಮಮ್ಮ ಬನ್ನಿಗೆ ಆಲೂಗಡ್ಡೆ ಬೇಯಿಸಿದ ನೀರು ಹಾಕ್ತಿದ್ಲು. ಪುಸ್ತಕದಲ್ಲಿ ಇದೆಯಾ?"

ಇರಲಿಲ್ಲ. ಆ ಊರಿನ ರೀತಿಯೇ ಅದು. ಅಡುಗೆ ಹೇಳಿಕೊಡಿ ಎಂದು ಕೇಳಿದವರಿಗೆ ಇಲ್ಲ ಅನ್ನುವುದು ಒರಟುತನ. ಪೂರ್ತಿ ಹೇಳುವುದು ದಡ್ಡತನ. ಹಾಗಾಗಿ ಎಲ್ಲರೂ ಧಾರಾಳವಾಗಿ ಬರೆದುಕೊಡುತ್ತಿದ್ದರು, ಎಲ್ಲರೂ ಒಂದೊಂದನ್ನು ಬಿಡುತ್ತಿದ್ದರು. ಎದುರಿನವಳು ಬಿಟ್ಟಿದ್ದಾಳೆಂದು ಗೊತ್ತಿದ್ದೂ ಥ್ಯಾಂಕ್ಸ್ ಹೇಳುತ್ತಿದ್ದರು.

"ಅಸಲಿ ಕಾರ್ಡಿನಲ್ಲಿ ಆ ಸಾಮಾನು ಇತ್ತು?"

"ಮಗನಿಗೆ ಮಾಡಿಕೊಡೋ ಅಡುಗೇಲಿ ಯಾವ ತಾಯಿ ನುಂಗ್ತಾಳೆ?"

"ಹಾಗಿದ್ರೆ ಖೋಟಾ ಮಾಡಿದವರು ಅಸಲಿನ ಕೊನೆ ಸಾಲು ನೋಡಿರಲಿಲ್ಲ. ಮೊದಲೇ ಪುಸ್ತಕ ನೋಡಿ ಬರೆದು ತಯಾರಿಟ್ಟುಕೊಂಡು, ಆಮೇಲೆ ಬದಲಾಯಿಸಿದ್ದಾರೆ. ನಿಮಗೆ ಆ ಸಾಲು ಬಾಯಿಪಾಠ. ಅದೇನು ಅಂತ ಹೇಳಿಬಿಟ್ರೆ ನೀವಲ್ಲ ಅಂತ ತೋರಿಸಬಹುದು."

"ನಾನು ಹೇಳಲ್ಲ."

ಐದನೇ ಸಲ.

ಆರ್ಲೊ ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕುಡುಕರ, ದನ ಕದ್ದವರ, ಹೆಂಡತಿಗೆ ಹೊಡೆದು ತಪ್ಪನ್ನು ನಾಯಿಯ ಮೇಲೆ ಹಾಕಿದವರ ಬಾಯಿ ಬಿಡಿಸಿದ್ದ. ಕೆಲಸ ಮುಗಿಸಿ ರಾತ್ರಿ ತರಗತಿಗೆ ಹೋಗಿ ಸಾಕ್ಷ್ಯಶಾಸ್ತ್ರದಲ್ಲಿ ಸರ್ಟಿಫಿಕೇಟು ಕೂಡ ಪಡೆದಿದ್ದ. ನಿರಪರಾಧಿಯೇ ಬಾಯಿ ಬಿಡದಿದ್ದರೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಥವಾ ಹೇಳಿಕೊಟ್ಟ ದಿನ ತಾನು ತೂಕಡಿಸಿದ್ದೆನೋ ಎಂಬ ಅನುಮಾನ ಅವನಿಗೆ.

ಆಗ ಅವನಿಗೆ ಬೇರೊಂದು ದಾರಿ ಹೊಳೆಯಿತು. ಬಾಯಲ್ಲಿ ಹೇಳುವುದು ಬೇಡ. ಸಂಜೆ ಎಂಟು ಮಂದಿ ಹೆಂಗಸರು ಈ ಪುಡಿಂಗ್ ಮಾಡಿ ತರುತ್ತಾರೆ. ಅಸಲಿ ಕಾರ್ಡು ಕೈಗೆ ಬಂದವಳು ಪಟ್ಟಿ ಎತ್ತದೆ ಇರುತ್ತಾಳೆಯೇ? ಎತ್ತಿ ಓದಿದವಳು ಮಾಡದೆ ಇರುತ್ತಾಳೆಯೇ? ಮೂವತ್ತು ವರ್ಷ ಈ ಊರಿನ ಹೆಂಗಸರು ಆ ರುಚಿಗಾಗಿ ಒದ್ದಾಡಿದ್ದಾರೆ. "ನೀವು ರುಚಿ ನೋಡಿ. ಸರಿಯಾದದ್ದು ಬಂದಾಗ ತಲೆ ಆಡಿಸಿ. ಅಷ್ಟೇ ಸಾಕು."

ಒಡೆಸಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. ತಲೆ ಆಡಿಸುವುದು ಮಾತಲ್ಲ ಎಂದು ಕೊನೆಗೆ ಒಪ್ಪಿದಳು. ಅವಳ ಮುಖದಲ್ಲಿ ಸಣ್ಣ ತುಂಟತನವೂ ಕಂಡಿತು. ಎದ್ದು ಅವನ ಲೋಟಕ್ಕೆ ಕಾಫಿ ಸುರಿದಳು.

ಒಂದು ಗುಟುಕು ಕುಡಿದು ಆರ್ಲೊ ಕೆಮ್ಮಿದ.

"ನೆಗಡೀನಾ?"

"ಇಲ್ಲ. ಬೆಳಗ್ಗೆಯಿಂದ ಗಂಟಲು ಕೆರೀತಿದೆ. ಮನೆ ಕಾಫೀನೇ ಇವತ್ತು ಏನೋ ಗಾಟು. ನಾನೇ ಗಿರಣಿ ತಿರುಗಿಸಿ ಪುಡಿ ಮಾಡಿದ್ದು. ಬೀಜ ಹಳೇದಾಗಿರ್ಬೇಕು ಅಂದೆ, ಗ್ಲೆನ್ನ ಉರಿದು ಬಿದ್ಲು."

ಒಡೆಸಾಳ ಕೈಯಲ್ಲಿದ್ದ ಕಾಫಿ ಪಾತ್ರೆ ಗಾಳಿಯಲ್ಲೇ ನಿಂತಿತು. ಅದನ್ನು ಒಲೆಯ ಮೇಲಿಟ್ಟು, ಬೆನ್ನು ತಿರುಗಿಸಿಯೇ ಅವನ ಹೆಂಡತಿಯನ್ನು ವಿಚಾರಿಸಿದಳು: "ಗ್ಲೆನ್ನ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಈ ಕೇಸು ಬಿಟ್ಟುಬಿಡು ಅಂತ ನಾಲ್ಕು ದಿನದಿಂದ ತಲೆ ತಿಂತಿದ್ದಾಳೆ."

"ಬಿಟ್ಟುಬಿಡು ಆರ್ಲೊ."

"ಏನಂದ್ರಿ?"

"ರುಚಿ ಗಿಚಿ ನೋಡೋದು ಬೇಡ. ಎವಾನ್ಸ್‌ವಿಲ್‌ನಲ್ಲಿ ನಮ್ಮಕ್ಕನ ಮಗಳಿದ್ದಾಳೆ. ಒಂದು ಕೋಣೆ ಕೊಡ್ತಾಳೆ."

ಆರ್ಲೊ ಲೋಟ ಕೆಳಗಿಟ್ಟ. ಈಗ ತಾನೇ ಒಪ್ಪಿದ್ದಳು. ಏನಾಯಿತು? ತಾನು ಏನಾದರೂ ತಪ್ಪು ಮಾತಾಡಿದೆನೇ? ಅರ್ಧ ಗಂಟೆ ಬೇಡಿಕೊಂಡ. ಕೊನೆಗೆ, ನೀವು ಬರದಿದ್ದರೆ ಕದ್ದವಳು ನೀವೇ ಅಂತ ಊರೆಲ್ಲ ಅನ್ನುತ್ತೆ ಎಂದ. ಅದು ತಾಗಿತು. ಬರುತ್ತೇನೆ ಎಂದಳು, ಆದರೆ ಅವನ ಕಣ್ಣು ನೋಡಿ ಹೇಳಲಿಲ್ಲ.

*

ಆಫೀಸಿನಲ್ಲಿ ಶೆರಿಫ್ ಕೂಂಟ್ಸ್ ಈ ಉಪಾಯ ಕೇಳಿ ನಕ್ಕು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ನ್ಯಾಯಾಧೀಶರ ಮುಂದೆ ಪುಡಿಂಗನ್ನು ಸಾಕ್ಷಿಯಾಗಿ ಹಾಜರುಪಡಿಸುತ್ತೀಯಾ, ಅದಕ್ಕೆ ಪ್ರಮಾಣವಚನ ಕೊಡಿಸುತ್ತೀಯಾ ಎಂದು ಕೇಳಿದ. ಖೋಟಾ ಕಾರ್ಡಿನ ತರ್ಕಕ್ಕೆ ಅವನ ಬಳಿ ಒಂದೇ ಉತ್ತರವಿತ್ತು: ಮುದುಕಿ ಬೇಕೆಂದೇ ತಪ್ಪು ಬರೆದಿದ್ದಾಳೆ.

ಆರ್ಲೊನ ಉಳಿದ ದಾರಿಗಳು ಆಗಲೇ ಮುಚ್ಚಿಹೋಗಿದ್ದವು. ಅಧ್ಯಕ್ಷರಿಗೆ ಸಂಬಂಧಪಟ್ಟ ಚಮಚ, ಗುಂಡಿ, ಹಲ್ಲುಕಡ್ಡಿಗಳನ್ನು ಕೂಡಿಡುವ ಮರ್ಲ್ ಹಬ್ಬೆಲ್ ಎಂಬವನೊಬ್ಬ ಪಕ್ಕದ ಊರಿನಲ್ಲಿದ್ದ. ಕಾರ್ಡಿನ ಮೇಲೆ ಅವನಿಗೆ ಹತ್ತು ವರ್ಷದಿಂದ ಕಣ್ಣು. ಶುಕ್ರವಾರ ಆರ್ಲೊ ಹಿಮದಲ್ಲಿ ನಲವತ್ತು ಮೈಲಿ ಗಾಡಿ ಓಡಿಸಿಕೊಂಡು ಹೋದರೆ, ಆಸಾಮಿ ಪಿತ್ತಕೋಶ ತೆಗೆಸಿಕೊಂಡು ಎಂಟು ದಿನದಿಂದ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಹೊಲಿಗೆ ತೋರಿಸಿ, ಕಾರ್ಡು ಸಿಕ್ಕರೆ ಮೊದಲು ತನಗೇ ತಿಳಿಸಬೇಕೆಂದು ಅಳುಮೋರೆ ಮಾಡಿದ. ವಾಪಸು ಬರುವಾಗ ಆರ್ಲೊನ ಗಾಡಿ ಚರಂಡಿಗೆ ಇಳಿಯಿತು.

ಉಳಿದದ್ದು ಎರಡನೇ ಕೀಲಿ.

*

ಯುಡೋರ ಲ್ಯಾಂಗ್‌ಫೋರ್ಡ್ ಗಾಜಿನ ಪೆಟ್ಟಿಗೆಗಳ ಸಾಲಿನ ನಡುವೆ ನಿಂತು ಅವನಿಗಾಗಿ ಕಾದಿದ್ದಳು. ಅಧ್ಯಕ್ಷರ ತಮ್ಮನ ಮಗಳು, ವಸ್ತುಸಂಗ್ರಹಾಲಯದ ಟ್ರಸ್ಟಿನ ಮುಖ್ಯಸ್ಥೆ, ಚರ್ಚಿನ ಅಡುಗೆ ಪುಸ್ತಕದ ಸಂಪಾದಕಿ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಕೇಕು ಕತ್ತರಿಸುವ ಮೊದಲು ಒಮ್ಮೆ ಅವಳ ಮುಖ ನೋಡುತ್ತಿದ್ದರು.

ಅವಳ ಹಿಂದೆ ಅಧ್ಯಕ್ಷರುಗಳ ಇಷ್ಟದ ತಿಂಡಿಗಳೆಲ್ಲ ಮೇಣದಲ್ಲಿ, ಗಾರೆಯಲ್ಲಿ ಕೂತಿದ್ದವು. ವಾಷಿಂಗ್ಟನ್ನರ ಮೆಕ್ಕೆಜೋಳದ ದೋಸೆ, ಮೇಲೆ ಜೇನು. ಲಿಂಕನ್ನರ ಸೇಬು. ಜಾಡಿ ತುಂಬ ಬಣ್ಣಬಣ್ಣದ ರೇಗನ್ನರ ಜೆಲ್ಲಿ ಮಿಠಾಯಿ. ಅದು ಮಾತ್ರ ನಿಜವಾದದ್ದು, ಆದ್ದರಿಂದ ಪ್ರತಿ ತಿಂಗಳೂ ಕಮ್ಮಿಯಾಗುತ್ತಿತ್ತು. ನಿಕ್ಸನ್ನರ ಕಾಟೇಜ್ ಚೀಸು ಟೊಮೆಟೊ ಸಾಸಿನ ಸಮೇತ ಗಾರೆಯಲ್ಲಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಶಾಲೆಯ ಮಕ್ಕಳು ಅದರ ಮುಂದೆ ಓಕರಿಸುತ್ತಿದ್ದರು. ಪ್ರತಿ ತಿಂಡಿಯ ಕೆಳಗೂ ಒಂದು ಚೀಟಿ, ದುಂಡಾದ ಅಕ್ಷರ. ಆರ್ಲೊನ ಹೆಂಡತಿ ಗ್ಲೆನ್ನ ಬರೆದವು. ಈ ಕಟ್ಟಡದಲ್ಲಿ ಅವನು ಹೆಮ್ಮೆಪಡುತ್ತಿದ್ದದ್ದು ಅದೊಂದಕ್ಕೇ.

"ನಿನ್ನ ಕೀಲಿ ಪ್ರಶ್ನೆ ಕೇಳೋಕೆ ಬಂದಿದ್ದರೆ, ಗುರುವಾರವೇ ಉತ್ತರ ಕೊಟ್ಟಿದ್ದೀನಿ. ನೋಟ್‌ಬುಕ್ಕಿನಲ್ಲಿ ಓದ್ಕೋ," ಎಂದಳು ಯುಡೋರ.

"ಓದ್ಕೊಂಡೆ ಮೇಡಂ. ಇನ್ನೊಂದ್ಸಲ ಕೇಳ್ತೀನಿ. ನಿಮ್ಮ ಕೀಲಿ ಬೇರೆ ಯಾರ ಕೈಗಾದ್ರೂ ಹೋಗಿತ್ತಾ?"

"ಇಲ್ಲ."

"ಗಾಜು ಒರೆಸೋಕೆ, ಚೀಟಿ ಬದಲಾಯಿಸೋಕೆ?"

ಯುಡೋರಳ ಕೈ ಕೊರಳ ಬಳಿಯ ಪದಕಕ್ಕೆ ಹೋಯಿತು. "ಚೀಟಿ ಬದಲಾಯಿಸುವಾಗ ನಾನು ಪಕ್ಕದಲ್ಲೇ ನಿಂತಿರ್ತೀನಿ."

ಆರ್ಲೊ ಅದನ್ನು ಬರೆದುಕೊಂಡ. ಅಚ್ಚುಕಟ್ಟಾಗಿ, ಕೆಳಗೆ ಗೆರೆ ಎಳೆದು. ಬರೆದದ್ದನ್ನು ಒಮ್ಮೆ ಓದಿ ನೋಡಿದ್ದರೆ ಸಾಕಿತ್ತು. ಆದರೆ ಅವನ ತಲೆಯಲ್ಲಿ ಮುಂದಿನ ಪ್ರಶ್ನೆ ಕುದಿಯುತ್ತಿತ್ತು.

"ಒಡೆಸಾ ಕದ್ದಿದ್ರೆ, ಬದಲಾಗಿದೆ ಅಂತ ಅವರೇ ಬಂದು ಯಾಕೆ ಹೇಳ್ತಿದ್ರು?"

"ಮೊದಲು ಕೂಗಿದವಳು ಸಾಚಾ ಅನ್ನಿಸ್ಕೋತಾಳೆ. ಹಳೇ ಆಟ."

"ಕದ್ದು ಏನು ಮಾಡ್ತಾರೆ? ಅವರಿಗೆ ಅದು ಬಾಯಿಪಾಠ."

"ಅದನ್ನ ಕಂಡುಹಿಡಿಯೋಕೆ ಸಂಬಳ ತಗೊಳ್ಳೋನು ನೀನು. ನನ್ನ ಕೇಳ್ತೀಯಲ್ಲ." ಯುಡೋರ ಒಂದು ಹೆಜ್ಜೆ ಮುಂದೆ ಬಂದಳು. "ಆರ್ಲೊ, ನಿನಗೆ ಒಳ್ಳೇ ಮನಸ್ಸಿದೆ. ಸ್ವಲ್ಪ ಬುದ್ಧಿ ಇದ್ದಿದ್ರೆ ಇಷ್ಟು ಹೊತ್ತಿಗೆ ಶೆರಿಫ್ ಆಗಿರ್ತಿದ್ದೆ. ನಮ್ಮಜ್ಜಿ ಅವಳಿಗೆ ಮನೆ ಕೊಟ್ಟರು, ಗೌರವ ಕೊಟ್ಟರು. ಕೊಟ್ಟದ್ದು ಜಾಸ್ತಿ ಆಯ್ತು."

ಆರ್ಲೊನ ಕಿವಿ ಬಿಸಿಯಾಯಿತು. ಸಂಜೆ ಊಟದಲ್ಲಿ ಒಡೆಸಾ ಎಲ್ಲ ಪುಡಿಂಗುಗಳ ರುಚಿ ನೋಡುತ್ತಾಳೆ, ಅಷ್ಟು ಹೇಳಿ ಹೋಗೋಣ ಎಂದು ಬಂದೆ ಎಂದ.

"ಚರ್ಚಿನ ಊಟ ನಿನ್ನ ಕೋರ್ಟಲ್ಲ. ನಾನು ಒಪ್ಪಲ್ಲ."

"ನೀವು ಒಪ್ಪಬೇಕಾಗಿಲ್ಲ ಮೇಡಂ. ಊಟಕ್ಕೆ ಬಂದ ಯಾರ ಚಮಚವನ್ನೂ ಯಾರೂ ತಡೆಯೋ ಹಾಗಿಲ್ಲ. ಹಾಗಂತ ಬರೆಸಿ ಚರ್ಚಿನ ನೆಲಮಾಳಿಗೆ ಬಾಗಿಲ ಮೇಲೆ ಹಲಗೆ ಹಾಕಿಸಿದ್ದು ನಿಮ್ಮಪ್ಪನೇ."

ಯುಡೋರ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ಅವಳು ನಕ್ಕದ್ದೇ ಅವನಿಗೆ ಹೆಚ್ಚು ಚುಚ್ಚಿತು. ಈ ಪುಡಿಂಗುಗಳಿಂದ ಅವಳಿಗೆ ಕಿಂಚಿತ್ತೂ ಭಯವಿರಲಿಲ್ಲ. ಹಾಗಾದರೆ ಅವಳಲ್ಲ. ಹಾಗಾದರೆ ಇನ್ಯಾರು? ನಾಲ್ಕು ದಿನ ಅಗೆದದ್ದೆಲ್ಲ ಮತ್ತೆ ಒಡೆಸಾಳ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

*

ಐದು ಗಂಟೆಗೆ ಚರ್ಚಿನ ನೆಲಮಾಳಿಗೆ ತುಂಬಿತ್ತು. ಒದ್ದೆ ಬೂಟು, ಈರುಳ್ಳಿ, ಕಾಫಿ ಎಲ್ಲ ಸೇರಿದ ವಾಸನೆ. ಉದ್ದನೆಯ ಮೇಜುಗಳ ಮೇಲೆ ಅಧ್ಯಕ್ಷರುಗಳ ಸಾಲು: ಐಸೆನ್‌ಹೋವರರ ತರಕಾರಿ ಸಾರು, ಕೆನಡಿಯವರ ಮೀನಿನ ಗಂಜಿ, ಜಾನ್ಸನ್ನರ ಖಾರದ ಮಾಂಸದ ಸಾರು. ಅದರ ಹಿಂದೆ ಸೌಟು ಹಿಡಿದು ಗ್ಲೆನ್ನ. ಈ ಸಲ ಪುಡಿಂಗ್ ಮಾಡಲು ಪುರುಸೊತ್ತಿಲ್ಲ, ಸಾರು ಬಡಿಸುತ್ತೇನೆ ಎಂದು ವಾರದ ಹಿಂದೆಯೇ ಹೆಸರು ಕೊಟ್ಟಿದ್ದಳು. ನಿಕ್ಸನ್ನರ ಚೀಸನ್ನು ಎಂದಿನಂತೆ ಯಾರೂ ಮುಟ್ಟಿರಲಿಲ್ಲ. ಅದು ಎಂದಿನಂತೆ ಪಾದ್ರಿಯ ನಾಯಿಗೆ ಹೋಗಲಿತ್ತು.

ಕೊನೆಯ ಮೇಜಿನಲ್ಲಿ ಪುಡಿಂಗುಗಳು. ಎಲ್ಲವೂ ಊರಿನ ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಗೆಯ ಗಾಜಿನ ತಟ್ಟೆಗಳಲ್ಲಿ. ಯಾರದು ಯಾವುದೆಂದು ತಿಳಿಯಲು ತಟ್ಟೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ತೊಳೆದ ಮೇಲೆ ಹಿಂದಿರುಗಿಸಲು ಅದೊಂದೇ ದಾರಿ. ಪಾದ್ರಿಯೇ ಅವನ್ನೆಲ್ಲ ಹಿಂದುಮುಂದು ಮಾಡಿ ಜೋಡಿಸಿದ್ದರು.

ಆರ್ಲೊ ಎಣಿಸಿದ. ಮತ್ತೆ ಎಣಿಸಿದ. ಅವನ ಪಟ್ಟಿಯಲ್ಲಿ ಎಂಟು ಹೆಸರು. ಮೇಜಿನ ಮೇಲೆ ಒಂಬತ್ತು ತಟ್ಟೆ. ಪಾದ್ರಿಯನ್ನು ಕೇಳಿದರೆ, ಬಾಗಿಲ ಬಳಿ ಇದ್ದದ್ದನ್ನೆಲ್ಲ ತಂದಿಟ್ಟೆ, ಎಣಿಸಲು ತಾನೇನು ಪೊಲೀಸನೇ ಎಂದರು.

ಒಡೆಸಾ ಭಾನುವಾರದ ಟೋಪಿ ಧರಿಸಿ ಬಂದಿದ್ದಳು. ಜನ ದಾರಿ ಬಿಟ್ಟರು, ಆದರೆ ಯಾರೂ ಕುರ್ಚಿ ಎಳೆಯಲಿಲ್ಲ. ಆರ್ಲೊ ಎಳೆದ. ಗೋಡೆಗೆ ಒರಗಿದ್ದ ಶೆರಿಫ್ ಕೂಂಟ್ಸ್, "ಆರ್ಲೊ, ಪುಡಿಂಗ್ ಓಡಿಹೋದ್ರೆ ಕೈಕೋಳ ಇದೆಯೇನೋ?" ಎಂದ. ಒಂದಿಷ್ಟು ಜನ ನಕ್ಕರು.

ಮೊದಲ ತಟ್ಟೆಯಿಂದ ಒಂದು ಚಮಚ. ಒಡೆಸಾ ತಲೆ ಅಡ್ಡಡ್ಡ ಆಡಿಸಿದಳು. ಎರಡನೆಯದು ಇಟ್ಟಿಗೆ, ಗೋಡೆ ಕಟ್ಟಬಹುದು ಎಂದಳು. ಮೂರನೆಯದನ್ನು ನುಂಗಿ, ಮರದಿಂದ ಕಿತ್ತ ಹಣ್ಣು, ನೆಲಕ್ಕೆ ಬೀಳೋ ತನಕ ಕಾಯೋಕೆ ತಾಳ್ಮೆ ಇಲ್ಲದವಳು ಅಂದಳು. ಜನರ ನಡುವೆ ಯಾರದೋ ಕೆನ್ನೆ ಕೆಂಪಾಯಿತು. ನಾಲ್ಕು, ಐದು, ಆರು. ಪ್ರತಿಯೊಂದಕ್ಕೂ ಒಂದೇ ಚಮಚ, ಒಂದೇ ತಲೆಯಾಟ. ಏಳನೆಯದು ಯುಡೋರಳದೆಂದು ಅದರ ಮೇಲಿನ ಕೆನೆಯ ಅಲಂಕಾರವೇ ಹೇಳುತ್ತಿತ್ತು. ಅದೂ ಅಲ್ಲ. ಎಂಟನೆಯದೂ ಅಲ್ಲ.

ಆರ್ಲೊನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಯುಡೋರ ಆಗಲೇ ಶೆರಿಫ್‌ನ ಕಡೆ ತಿರುಗಿ ಏನೋ ಪಿಸುಗುಟ್ಟುತ್ತಿದ್ದಳು.

ಒಂಬತ್ತನೆಯ ತಟ್ಟೆ. ಒಡೆಸಾ ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ತಲೆ ಆಡಲಿಲ್ಲ, ಅಡ್ಡಕ್ಕೂ ಇಲ್ಲ, ಉದ್ದಕ್ಕೂ ಇಲ್ಲ. ಆಮೇಲೆ, ಯಾರೂ ಕೊಡದೆಯೇ, ಇನ್ನೊಂದು ಚಮಚ ತೆಗೆದುಕೊಂಡು ಬಾಯಿಗಿಟ್ಟಳು.

ಚಮಚ ಕೆಳಗಿಟ್ಟಳು.

"ಇದೂ ಅಲ್ಲ," ಎಂದಳು. "ಮುಗೀತು. ನಡೀರಿ ಶೆರಿಫ್."

ಗುಜುಗುಜು ಎದ್ದಿತು. ಕೂಂಟ್ಸ್ ಗೋಡೆ ಬಿಟ್ಟು ಮುಂದೆ ಬಂದ. ಆರ್ಲೊ ಅಲ್ಲೇ ನಿಂತಿದ್ದ. ಅವನಿಗೆ ಬುದ್ಧಿ ಇಲ್ಲ ಅಂದಿದ್ದಳು ಯುಡೋರ, ಇರಲಿಕ್ಕಿಲ್ಲ. ಎಣಿಸುವುದು ಬರುತ್ತಿತ್ತು. ಎಂಟು ತಟ್ಟೆಗೆ ಎಂಟು ಚಮಚ. ಒಂಬತ್ತನೆಯದಕ್ಕೆ ಎರಡು.

ಅವನು ಒಂದು ಚಮಚ ಎತ್ತಿಕೊಂಡು ಒಂಬತ್ತನೆಯ ತಟ್ಟೆಗೆ ಹಾಕಿದ.

ಮೊದಲು ಸಿಹಿ. ಆಮೇಲೆ ಹಣ್ಣಿನ ಗಾಢ ರುಚಿ, ದಾಲ್ಚಿನ್ನಿ. ಮುಗಿಯಿತು ಅನ್ನುವಷ್ಟರಲ್ಲಿ, ಗಂಟಲಿನ ಆಳದಲ್ಲಿ, ನಿಧಾನವಾಗಿ, ಒಲೆಯ ಕೆಂಡ ಊದಿದ ಹಾಗೆ ಒಂದು ಬಿಸಿ ಏರಿತು. ಕರಿಮೆಣಸು.

ಆ ಬಿಸಿ ಅವನಿಗೆ ಹೊಸದಲ್ಲ. ಬೆಳಗ್ಗೆಯಿಂದ ಅದೇ ಗಂಟಲು ಕೆರೆಯುತ್ತಿತ್ತು. ಅವನ ಅಪ್ಪನ ಕಾಲದ ಕಾಫಿ ಗಿರಣಿ. ಅದರಲ್ಲಿ ನಿನ್ನೆ ಯಾರೋ ಬೇರೇನನ್ನೋ ಪುಡಿ ಮಾಡಿದ್ದರು. ಬೀಜ ಹಳೆಯದಾಗಿರಲಿಲ್ಲ.

ಒಡೆಸಾಳಿಗೆ ಕಾಫಿಯ ಮಾತು ಕೇಳಿದಾಗಲೇ ಗೊತ್ತಾಗಿತ್ತು.

ಆರ್ಲೊ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ವಾಲಿಸಿ, ತಳ ನೋಡಿದ. ಅಂಟುಪಟ್ಟಿಯ ಮೇಲೆ ಹೆಸರಿತ್ತು. ಅವಸರದ ಗೀಚಲ್ಲ. ದುಂಡಾದ, ಸೊಗಸಾದ ಅಕ್ಷರ, ವಸ್ತುಸಂಗ್ರಹಾಲಯದ ಚೀಟಿಗಳ ಮೇಲಿದ್ದಂಥದೇ. ಮುಚ್ಚಿಡಬೇಕೆಂದಿದ್ದವಳು ಹೀಗೆ ಬರೆಯುವುದಿಲ್ಲ.

ಒಡೆಸಾಳ ಒಣಗಿದ ಬೆರಳುಗಳು ಅವನ ಮಣಿಕಟ್ಟನ್ನು ಹಿಡಿದವು.

"ಕೆಳಗಿಡು ಮಗಾ," ಎಂದಳು ಅವನಿಗಷ್ಟೇ ಕೇಳುವಂತೆ. "ನನಗೆ ಎಪ್ಪತ್ತಾರು. ನಿನ್ನ ಮನೆ ಇನ್ನೂ ನಡೀಬೇಕು."

ಅವನು ತಟ್ಟೆ ಕೆಳಗಿಡಲಿಲ್ಲ. ಇಡಬಹುದಿತ್ತು. ಇಟ್ಟಿದ್ದರೆ ಒಬ್ಬ ಮುದುಕಿ ಎವಾನ್ಸ್‌ವಿಲ್‌ಗೆ ಬಸ್ಸು ಹತ್ತುತ್ತಿದ್ದಳು, ಅವನು ಮನೆಗೆ ಹೋಗಿ ಕಾಫಿ ಗಿರಣಿ ತೊಳೆಯುತ್ತಿದ್ದ. ಅದು ಇನ್ನೂ ವಾಲಿಯೇ ಇತ್ತು. ಪುಡಿಂಗಿನ ಅಂಚು ಜಾರಿ ಅವನ ತೋಳಿನ ಮೇಲೆ ಬಿತ್ತು.

"ಮಿಸ್ ಒಡೆಸಾ ಸುಳ್ಳು ಹೇಳಿದ್ರು," ಎಂದ. ಮತ್ತೆ ಜೋರಾಗಿ: "ಸರಿಯಾದ ಪುಡಿಂಗ್ ಇದು. ತಟ್ಟೆ ಮೇಲ್ಗಡೆ ಇರೋ ಹೆಸರು... ತಳದಲ್ಲಿರೋ ಹೆಸರು, ಗ್ಲೆನ್ನ ಬೀಸ್ಲಿ."

ಇಡೀ ನೆಲಮಾಳಿಗೆ ಸಾರಿನ ಮೇಜಿನ ಕಡೆ ತಿರುಗಿತು. ಗ್ಲೆನ್ನ ಸೌಟನ್ನು ಪಾತ್ರೆಗೆ ಬಿಟ್ಟು ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ. ನಾಲ್ಕು ದಿನ ಹೊತ್ತ ಮೂಟೆಯನ್ನು ಇಳಿಸಿದವಳ ದಣಿವಿತ್ತು.

ಶೆರಿಫ್ ಕೂಂಟ್ಸ್ ಬಾಯಿ ತೆರೆಯುವ ಮೊದಲು ಮಾತಾಡಿದವಳು ಯುಡೋರ.

"ಇಲ್ಲಿಗೆ ಸಾಕು," ಎಂದಳು. ಮಧ್ಯಾಹ್ನದ ನಗು ಅವಳ ಮುಖದಿಂದ ತೊಳೆದು ಹೋಗಿತ್ತು. ಕೈ ಪದಕವನ್ನು ಹಿಡಿದು ಹಿಂಡುತ್ತಿತ್ತು. "ಟ್ರಸ್ಟು ದೂರು ವಾಪಸು ತಗೊಳ್ಳುತ್ತೆ. ಒಡೆಸಾ ಮನೇಲೇ ಇರಲಿ. ಕಾರ್ಡು ಹೋದ್ರೆ ಹೋಯ್ತು, ಹಳೇ ಕಾಗದ. ಶೆರಿಫ್, ಯಾರೂ ಯಾರ ಮನೇನೂ ಹುಡುಕೋದು ಬೇಡ."

ಕೂಂಟ್ಸ್ ಕಣ್ಣು ಪಿಳಿಪಿಳಿ ಬಿಟ್ಟ. ಆರ್ಲೊ ತಟ್ಟೆ ಹಿಡಿದೇ ನಿಂತಿದ್ದ. ಚೀಟಿ ಬದಲಾಯಿಸುವಾಗ ನಾನು ಪಕ್ಕದಲ್ಲೇ ನಿಂತಿರ್ತೀನಿ: ಅವನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿಟ್ಟ ಆ ಸಾಲು ಈಗ ಅವನ ಕಣ್ಣ ಮುಂದೆ ಬಂದು ನಿಂತಿತು. ಚೀಟಿ ಬರೆಯುವವಳು ಒಬ್ಬಳು. ಪಕ್ಕದಲ್ಲಿ ನಿಂತಿರುವವಳು ಇನ್ನೊಬ್ಬಳು.

ಗ್ಲೆನ್ನ ಜನರ ನಡುವಿನಿಂದ ನಡೆದು ಬಂದಳು. ಗಂಡನನ್ನು ದಾಟಿ, ಶೆರಿಫ್‌ನನ್ನು ದಾಟಿ, ಯುಡೋರಳ ಎದುರು ಬಂದು ನಿಂತಳು. ಅಂಗಿಯ ಒಳಗಿನಿಂದ ಒಂದು ಲಕೋಟೆ ತೆಗೆದಳು. ಅದರಿಂದ ಹಳದಿ ಬಣ್ಣಕ್ಕೆ ತಿರುಗಿದ ಕಾರ್ಡಿನ ಒಂದು ಮೂಲೆ ಇಣುಕುತ್ತಿತ್ತು.

"ನನ್ನ ಕೈಲಿ ಖೋಟಾ ಬರೆಸ್ಕೊಂಡು, ಅಸಲಿದನ್ನ ಸುಡು ಅಂತ ಕೊಟ್ರಿ. ನನ್ನಿಂದ ಆಗಲಿಲ್ಲ," ಎಂದಳು. "ಮಿಸ್ ಒಡೆಸಾಗೆ ಏನು ಸೇರ್ಬೇಕು ಅಂತ ನಿಮ್ಮಜ್ಜಿ ಇದರ ಹಿಂಬದೀಲಿ ಬರೆದಿದ್ದನ್ನ ಅವರಿಗೆ ನೀವೇ ಓದಿ ಹೇಳ್ತೀರೋ, ನಾನು ಓದಲೋ?"